ಊರು ಚೇತರಿಸಿಕೊಂಡಿದೆ ಅಂತ ಯಾವಾಗ ಹೇಳಬಹುದು? ಕಚ್ಛ್‌ನ ಖರ್ಜೂರದ ತೋಟದಲ್ಲಿ ಕಲಿತ ಪಾಠ



ಈ ವಾರ ಗೊಬ್ಬರ, ರೋಗ, ಮಾರ್ಕೆಟ್ ರೇಟು ಯಾವುದೂ ಇಲ್ಲ. ಬೇರೆ ಒಂದು ವಿಷಯ ಇದೆ. ನೆರೆ, ಬರ, ಭೂಕಂಪ, ಚಂಡಮಾರುತ ಏನೇ ಬಂದು ಹೋದ ಮೇಲೆ ಒಂದು ಊರು ನಿಜವಾಗಿ ಎದ್ದು ನಿಂತಿದೆಯಾ ಇಲ್ವಾ ಅಂತ ಒಬ್ಬ ರೈತ ಹೇಗೆ ಗುರುತಿಸಬೇಕು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಹೊಲದಲ್ಲೇ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆ ನಮ್ಮ ಹೊಲಕ್ಕೆ ಬಂತು. ನಾಲ್ಕು ವರ್ಷ ಸಾಕಿದ್ದ ಎರಡು ಎಕರೆ ದಾಳಿಂಬೆ ಐದು ದಿನ ನೀರಲ್ಲಿ ನಿಂತಿತು. ನೀರು ಇಳಿದಾಗ ಗಿಡಗಳು ಹಸಿರಾಗೇ ಇದ್ದವು. ಎರಡು ವಾರ ಆದ ಮೇಲೆ ಎಲೆ ಹಳದಿಯಾಗಿ ಉದುರಿ, ಒಂದೊಂದಾಗಿ ಒಣಗಿದವು. ನಾನು ತೋಟಗಾರಿಕೆ ಓದಿದವನು. ಬೇರಿಗೆ ಗಾಳಿ ಸಿಗದೆ ಸಾಯ್ತಿವೆ ಅಂತ ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡೋಕೆ ಆಗಲಿಲ್ಲ.

ಆಮೇಲೆ ಮನೆ ಗೋಡೆ ರಿಪೇರಿ ಆಯ್ತು, ರಸ್ತೆಗೆ ಹೊಸ ಡಾಂಬರು ಬಿತ್ತು. ಊರಿಗೆ ಬಂದ ನೆಂಟರು "ಎಲ್ಲಾ ಮೊದಲಿನಂಗ ಆತಲ್ಲ" ಅಂತಿದ್ರು. ಆದ್ರೆ ಅಪ್ಪ ಆ ಎರಡು ಎಕರೆಯಲ್ಲಿ ಮತ್ತೆ ಗಿಡ ಹಚ್ಚಲಿಲ್ಲ. ಗೋವಿನಜೋಳ, ಹೆಸರು, ಮತ್ತೆ ಗೋವಿನಜೋಳ. ನಾನು ತೋಟದ ಮಾತು ತೆಗೆದಾಗಲೆಲ್ಲ ಅವರದು ಒಂದೇ ಉತ್ತರ: "ನಾಕ್ ವರ್ಷ ಯಾರ್ ಕಾಯಬೇಕೋ ತಮ್ಮಾ? ಹೊಳಿ ನಾಕ್ ವರ್ಷ ಕಾಯ್ತೈತೇನು?"

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಖರ್ಜೂರದ ಬೇಸಾಯ ನೋಡೋಣ ಅಂತ ಗುಜರಾತಿನ ಕಚ್ಛ್ ಜಿಲ್ಲೆಗೆ ಹೋದೆ. ಹೋಗಿದ್ದು ಗಿಡ ನೋಡೋಕೆ, ಕಲಿತು ಬಂದಿದ್ದು ಬೇರೆಯದೇ.

ಕಚ್ಛ್‌ನಲ್ಲಿ ಏನಾಗಿತ್ತು?

ನಿಮ್ಮಲ್ಲಿ ಎಷ್ಟೋ ಜನ ಆಗಿನ್ನೂ ಹುಟ್ಟಿರಲಿಲ್ಲ. 2001ರ ಜನವರಿ 26, ಗಣರಾಜ್ಯೋತ್ಸವದ ಬೆಳಗ್ಗೆ 8 ಗಂಟೆ 46 ನಿಮಿಷ. ಭಚಾವು ತಾಲ್ಲೂಕಿನ ಹತ್ತಿರ ಕೇಂದ್ರ ಇದ್ದ 7.7 ತೀವ್ರತೆಯ ಭೂಕಂಪ. ಸತ್ತವರು ಸುಮಾರು 20 ಸಾವಿರ ಅಂತ ಅಂದಾಜು. ಗಾಯಗೊಂಡವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಲಕ್ಷಗಟ್ಟಲೆ ಮನೆ ನೆಲಕಚ್ಚಿದವು. ಅಂಜಾರ್ ಪಟ್ಟಣದಲ್ಲಿ ಧ್ವಜ ಹಿಡಿದು ಇಕ್ಕಟ್ಟಾದ ಓಣಿಯಲ್ಲಿ ಹೊರಟಿದ್ದ ಶಾಲೆ ಮಕ್ಕಳ ಮೇಲೆ ಎರಡೂ ಕಡೆಯ ಮನೆಗಳು ಬಿದ್ದವು.

ಅದು ಒಂದೇ ಪೆಟ್ಟು ಆಗಿರಲಿಲ್ಲ. 1998ರ ಜೂನ್‌ನಲ್ಲಿ ಕಾಂಡ್ಲಾ ಬಂದರಿನ ಮೇಲೆ ಚಂಡಮಾರುತ ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಬಹಳ ಮಂದಿ ಉಪ್ಪಿನ ಗದ್ದೆಯ ಕೂಲಿಗಳು, ಬಂದರಿನ ಕೆಲಸಗಾರರು. ಅದರ ಹಿಂದೆಯೇ ಬರ. ಬರದ ಹಿಂದೆ ಭೂಕಂಪ.

ಒಂದು ವಿಚಿತ್ರ ಕೇಳಿ. ಭೂಕಂಪದಲ್ಲಿ ಚಾಂಗ್, ಟಪ್ಪರ್, ರುದ್ರಮಾತಾ, ಕಾಸವತಿ ಮುಂತಾದ ಮಣ್ಣಿನ ಅಣೆಕಟ್ಟುಗಳು ಬಿರುಕು ಬಿಟ್ಟವು, ಕುಸಿದವು. ಅಡಿಯಲ್ಲಿದ್ದ ಮರಳು ಮಿಶ್ರಿತ ಒದ್ದೆ ಮಣ್ಣು ನಡುಕಕ್ಕೆ ಅಂಬಲಿಯಂತೆ ಸಡಿಲವಾಗಿತ್ತು. ಆದ್ರೂ ಕೆಳಗಿನ ಹಳ್ಳಿಗಳು ಕೊಚ್ಚಿ ಹೋಗಲಿಲ್ಲ. ಯಾಕಂದ್ರೆ ಬರದಿಂದ ಕೆರೆಗಳಲ್ಲಿ ನೀರೇ ಹೆಚ್ಚು ಇರಲಿಲ್ಲ.

ಇಂಥ ಜಾಗದಲ್ಲಿ ಇವತ್ತು ಖರ್ಜೂರ, ದಾಳಿಂಬೆ, ಕೇಸರ್ ಮಾವು ಬೆಳೀತಿದಾರೆ. ಇದು ಹೇಗಾಯ್ತು ಅನ್ನೋದನ್ನ ನಾನು ಐದು ಗುರುತುಗಳಾಗಿ ಬಿಡಿಸಿ ಹೇಳ್ತೀನಿ.

ಗುರುತು 1: ಮನೆ ಎಷ್ಟು ಅಲ್ಲ, ಕಟ್ಟಿದವರು ಯಾರು

ಭೂಕಂಪ ಆಗಿ ಎರಡು ವಾರದೊಳಗೆ, 2001ರ ಫೆಬ್ರವರಿಯಲ್ಲೇ, ಗುಜರಾತ್ ಸರ್ಕಾರ ವಿಪತ್ತು ನಿರ್ವಹಣೆಗೆ ಅಂತ ಪ್ರತ್ಯೇಕ ಪ್ರಾಧಿಕಾರ ಮಾಡಿತು. ಬಹುತೇಕ ಹಳ್ಳಿಗಳಲ್ಲಿ ಮನೆ ಕಟ್ಟಿದ್ದು ಗುತ್ತಿಗೆದಾರರಲ್ಲ, ಮನೆಯವರೇ. ಹಣ ಬ್ಯಾಂಕ್ ಖಾತೆಗೆ ಕಂತಿನಲ್ಲಿ ಬರ್ತಿತ್ತು. ಎಂಜಿನಿಯರ್ ಬಂದು ಕಟ್ಟಡಕ್ಕೆ ಭೂಕಂಪ ತಡೆಯುವ ಪಟ್ಟಿ ಹಾಕಿದ್ದಾರಾ ಅಂತ ನೋಡಿದ ಮೇಲೆ ಮುಂದಿನ ಕಂತು.

ಇದರಿಂದ ಏನಾಯ್ತು ಅಂದ್ರೆ ಎಮ್ಮೆ ಎಲ್ಲಿ ಕಟ್ಟಬೇಕು, ಕಾಳು ಎಲ್ಲಿ ಇಡಬೇಕು, ಅಡುಗೆಮನೆ ಯಾವ ಕಡೆ ಅನ್ನೋದನ್ನ ಮನೆಯವರೇ ನಿರ್ಧರಿಸಿದರು. ಊರ ಗೌಂಡಿಗಳು ಕೆಲಸ ಕಲಿತರು. ನಮ್ಮಲ್ಲೂ ಊರಾಚೆ ಸಾಲಾಗಿ ಕಟ್ಟಿಕೊಟ್ಟ ಮನೆಗಳು ಖಾಲಿ ಬಿದ್ದಿರೋದನ್ನ ನೀವು ನೋಡಿರ್ತೀರಿ. ದನ ಕಟ್ಟೋಕೆ ಜಾಗ ಇಲ್ಲದ ಮನೆಗೆ ರೈತ ಹೇಗೆ ಹೋಗ್ತಾನೆ?

ಕಚ್ಛ್‌ನ ಬನ್ನಿ ಭಾಗದಲ್ಲಿ 'ಭುಂಗಾ' ಅಂತ ದುಂಡನೆಯ ಗುಡಿಸಲು ಇವೆ. ಸರಿಯಾಗಿ ಕಟ್ಟಿ, ರಿಪೇರಿ ಮಾಡ್ಕೊಂಡು ಬಂದಿದ್ದ ಭುಂಗಾಗಳು ಭೂಕಂಪದಲ್ಲೂ ನಿಂತವು. ದುಂಡು ಗೋಡೆಗೆ ಮೂಲೆ ಇಲ್ಲ, ಹೊಡೆತ ಸುತ್ತಲೂ ಹಂಚಿಹೋಗುತ್ತೆ. ಹಳೆಯದೆಲ್ಲ ಬಿಸಾಡಿ ಹೊಸದು ತಂದರೆ ಮಾತ್ರ ಪ್ರಗತಿ ಅಂದುಕೊಳ್ಳೋದು ತಪ್ಪು ಅನ್ನೋದಕ್ಕೆ ಇದೇ ಸಾಕ್ಷಿ.

ಗುರುತು 2: ನೀರಿನ ಲೆಕ್ಕ

ಧಮಡ್ಕಾ ಅನ್ನೋ ಊರಲ್ಲಿ ಅಜ್ರಕ್ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕುಟುಂಬಗಳಿದ್ದವು. ಭೂಕಂಪದ ನಂತರ ಅಲ್ಲಿನ ನೀರಲ್ಲಿ ಕಬ್ಬಿಣದ ಅಂಶ ಹೆಚ್ಚಿತು, ಬಣ್ಣ ಸರಿಯಾಗಿ ಕೂರಲಿಲ್ಲ. ಆಗ ಹಲವು ಕುಟುಂಬಗಳು ಭುಜ್ ಹತ್ತಿರ ಜಾಗ ಹುಡುಕಿ ಅಜ್ರಕ್‌ಪುರ ಅಂತ ಹೊಸ ಊರೇ ಕಟ್ಟಿಕೊಂಡವು. ಮಣ್ಣಿನ ಮೇಲೆ ಎಲ್ಲ ಮೊದಲಿನಂತೆ ಕಂಡ್ರೂ ಕೆಳಗಿನ ನೀರು ಬದಲಾಗಿರಬಹುದು. ಇದನ್ನ ರೈತ ಮರೀಬಾರದು.

ಕಚ್ಛ್‌ನಲ್ಲಿ ವರ್ಷಕ್ಕೆ ಸರಾಸರಿ 400 ಮಿ.ಮೀ. ಆಸುಪಾಸಿನ ಮಳೆ, ಅದೂ ಹೇಳಿದಂತೆ ಬರಲ್ಲ. ಜನ ಚೆಕ್ ಡ್ಯಾಂ ಕಟ್ಟಿದರು, ಕೆರೆ ಹೂಳೆತ್ತಿದರು, ಬಾವಿಗೆ ಮಳೆನೀರು ಇಂಗಿಸಿದರು. 2005ರಲ್ಲಿ ಹನಿ ನೀರಾವರಿ ಸಹಾಯಧನಕ್ಕೆ ಅಂತಲೇ ಗುಜರಾತ್‌ನಲ್ಲಿ ಒಂದು ಕಂಪನಿ ಶುರುವಾಗಿ, ಅರ್ಜಿ ಹಾಕೋದರಿಂದ ಪೈಪು ಬರುವವರೆಗೆ ಒಂದೇ ಕಡೆ ವ್ಯವಹಾರ ಆಯ್ತು. ನರ್ಮದಾ ಕಾಲುವೆಯ ಕಚ್ಛ್ ಶಾಖೆಯ ಕೊನೆಯ ಭಾಗ ಮಾಂಡ್ವಿ ಕಡೆಗೆ ಮುಟ್ಟಿದ್ದು 2022ರಲ್ಲಿ. ಅಂದ್ರೆ ಭೂಕಂಪ ಆಗಿ 21 ವರ್ಷದ ಮೇಲೆ. ಅಲ್ಲಿಯವರೆಗೆ ಆ ಕಡೆಯ ರೈತರು ಕಾಲುವೆ ಬರಲಿ ಅಂತ ಕೈಕಟ್ಟಿ ಕೂತಿರಲಿಲ್ಲ.

ಗುರುತು 3: ದಿನದ ಕಾಸು

ತೋಟ ಫಲ ಕೊಡೋಕೆ ವರ್ಷಗಳು ಬೇಕು. ಅಲ್ಲಿಯವರೆಗೆ ಮನೆ ನಡೆಯೋದು ಹೇಗೆ? ಕಚ್ಛ್‌ನಲ್ಲಿ ಈ ಜಾಗ ತುಂಬಿದ್ದು ಹೈನು. 2009ರಲ್ಲಿ ಸರ್ಹದ್ ಡೈರಿ ಹಾಲು ಕೊಳ್ಳೋಕೆ ಶುರು ಮಾಡಿತು. ಇದು ಅಮುಲ್ ಬಳಗದ ಜಿಲ್ಲಾ ಒಕ್ಕೂಟ. ಬನ್ನಿ ಎಮ್ಮೆ, ಕಾಂಕ್ರೇಜ್ ಹಸು ಇದ್ದವರಿಗೆ ನಿಶ್ಚಿತ ಹಣ ಬರೋಕೆ ಶುರುವಾಯ್ತು. ಈಗ ಒಂಟೆ ಹಾಲಿಗೂ ಮಾರುಕಟ್ಟೆ ಇದೆ.

ಹಾಲಿನ ದುಡ್ಡು ದೊಡ್ಡದಲ್ಲ. ಆದ್ರೆ ಅದು ಇದ್ದರೆ ರೈತ ಗಿಡ ಬಲಿಯುವವರೆಗೆ ಕಾಯಬಲ್ಲ. ಇಲ್ಲದಿದ್ದರೆ ಮೊದಲ ಕಷ್ಟಕ್ಕೇ ತೋಟ ಮಾರ್ತಾನೆ ಅಥವಾ ಕಿತ್ತು ಹಾಕ್ತಾನೆ.

ಗುರುತು 4: ಹಲವು ವರ್ಷದ ಗಿಡ

ನನ್ನ ಪ್ರಕಾರ ಇದೇ ಮುಖ್ಯ ಗುರುತು. ಮುಂದ್ರಾ–ಮಾಂಡ್ವಿ ಕಡೆ ನನಗೆ ತೋಟ ತೋರಿಸಿದ ಹಿರಿಯರನ್ನ ನಾನು ಕಾಕಾ ಅಂತಲೇ ಕರೆದೆ. ನಾನು ಹೋದಾಗ ಪರಾಗಸ್ಪರ್ಶದ ಹಂಗಾಮು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಹೂವಿನ ಎಸಳು ತಂದು, ಮರ ಹತ್ತಿ, ಹೆಣ್ಣು ಹೂಗೊಂಚಲಿನ ನಡುವೆ ಕೈಯಾರೆ ಇಡಬೇಕು. ಒಂದೊಂದು ಮರಕ್ಕೂ ಹಲವು ಸಲ ಹತ್ತಿ ಇಳೀಬೇಕು.

ಕಾಕಾ ಹೇಳಿದ್ದು ಹೀಗೆ: "ಭೂಕಂಪದಲ್ಲಿ ಬಾವಿ ಕುಸೀತು. ಆಮೇಲೆ ಏಳು ವರ್ಷ ಔಡಲ, ಹತ್ತಿ ಅಷ್ಟೇ ಬೆಳೆದೆ. ಮುಂಬೈಗೆ ಹೋಗಿಬಿಡೋಣ ಅಂತ ಮನೇಲಿ ದಿನಾ ಮಾತು. ಖರ್ಜೂರದ ಸಸಿ ತಂದ ದಿನ ನನ್ನ ಹೆಂಡತಿ ಊರಿಂದ ಟ್ರಂಕು ವಾಪಸ್ ತರಿಸಿದಳು."

ಅವರ ಹೆಂಡತಿ ಬಟ್ಟೆಬರೆ ತುಂಬಿದ ಟ್ರಂಕು ಅಷ್ಟು ವರ್ಷ ತವರಲ್ಲೇ ಇತ್ತಂತೆ. ಸರ್ಕಾರದ ಯಾವ ವರದಿಯಲ್ಲೂ ಇದು ಬರಲ್ಲ. ಆದ್ರೆ ಆ ಮನೆಗೆ ಭೂಕಂಪ ಮುಗಿದಿದ್ದು ಅವತ್ತು.

ಖರ್ಜೂರವೇ ಯಾಕೆ? ಅದಕ್ಕೆ ಕಾರಣ ಇದೆ. ಕರಾವಳಿಯ ಆ ಭಾಗದಲ್ಲಿ ಮಣ್ಣು, ನೀರು ಎರಡೂ ಉಪ್ಪು. ಉಪ್ಪಿನಂಶ ಅಳೆಯೋದು ಇ.ಸಿ. ಅನ್ನೋ ಅಳತೆಯಲ್ಲಿ. ನಿಮ್ಮ ಮಣ್ಣು ಪರೀಕ್ಷೆ ಚೀಟಿಯಲ್ಲೂ ಅದು ಇರುತ್ತೆ. ಮಣ್ಣಿನ ಇ.ಸಿ. 4ರವರೆಗೂ ಖರ್ಜೂರದ ಇಳುವರಿ ಕುಗ್ಗಲ್ಲ. ಕಿತ್ತಳೆ ಜಾತಿಯ ಗಿಡಗಳು 2 ಮುಟ್ಟುವ ಮೊದಲೇ ತಡವರಿಸ್ತವೆ. ಅಂದ್ರೆ ಇದ್ದ ನೆಲಕ್ಕೆ ಒಗ್ಗುವ ಗಿಡವನ್ನೇ ಅವರು ನಂಬಿದರು.

ಇನ್ನೊಂದು ತೊಡಕು ಮಳೆಯದು. ಜೂನ್ ಕೊನೆ, ಜುಲೈಗೆ ಮಳೆ ಬರುತ್ತೆ. ಹಣ್ಣು ಮರದಲ್ಲೇ ಪೂರ್ತಿ ಮಾಗಿ ಒಣಗುವವರೆಗೆ ಬಿಟ್ಟರೆ ಮಳೆಗೆ ಕೊಳೆತು ಹೋಗುತ್ತೆ. ಹಾಗಾಗಿ ಅವರು ಹಣ್ಣು ಹಳದಿ ಅಥವಾ ಕೆಂಪಾಗಿ, ಇನ್ನೂ ಗಟ್ಟಿ ಇರುವಾಗಲೇ ಕೊಯ್ದು ತಾಜಾ ಮಾರ್ತಾರೆ. ಅದಕ್ಕೇ 'ಖರೇಕ್' ಅನ್ನೋದು. ಹಳೆಯ ತೋಟಗಳು ಬೀಜದಿಂದ ಬಂದವು, ಮರಕ್ಕೊಂದು ರುಚಿ, ಗಂಡೋ ಹೆಣ್ಣೋ ಅಂತ ಹೂ ಬರುವವರೆಗೆ ತಿಳಿಯಲ್ಲ. ಈಗ ಟಿಶ್ಯೂ ಕಲ್ಚರ್‌ನ ಬರ್ಹಿ ತಳಿ ಬಂದಿದೆ. ಎಲ್ಲ ಗಿಡವೂ ಹೆಣ್ಣು, ಗಟ್ಟಿ ಹಂತದಲ್ಲೂ ಒಗರಿಲ್ಲದ ಸಿಹಿ. 2024ರ ಜನವರಿಯಲ್ಲಿ ಕಚ್ಛಿ ಖರೇಕ್‌ಗೆ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು.

ಗುರುತು 5: ಎರಡನೇ ಪೆಟ್ಟು ಬಿದ್ದಾಗ

ಕಾಕಾ ತೋಟದಲ್ಲಿ ಕೆಲವು ಮರಗಳು ವಾಲಿದ್ದವು, ಬುಡಕ್ಕೆ ಮಣ್ಣು ಏರಿಸಿ ಊರುಗೋಲು ಕೊಟ್ಟಿದ್ದರು. ಏನಿದು ಅಂತ ಕೇಳಿದೆ. "ಬಿಪರ್‌ಜಾಯ್" ಅಂದರು.

2023ರ ಜೂನ್ 15ರ ಸಂಜೆ ಬಿಪರ್‌ಜಾಯ್ ಚಂಡಮಾರುತ ಕಚ್ಛ್‌ನ ಜಖಾವು ಬಂದರಿನ ಹತ್ತಿರ ದಡ ಮುಟ್ಟಿತು. ಖರೇಕ್ ಕೊಯ್ಲು ಇನ್ನೇನು ಶುರುವಾಗುವ ಹೊತ್ತು. ಗೊನೆ ತುಂಬಿ ತಲೆಭಾರ ಆಗಿದ್ದ ಮರಗಳು ಉರುಳಿದವು. ಸಾವಿರಾರು ವಿದ್ಯುತ್ ಕಂಬಗಳು ಬಿದ್ದವು.

ಆದ್ರೆ ಈಗ 1998ನ್ನ ಪಕ್ಕದಲ್ಲಿಟ್ಟು ನೋಡಿ. ಆಗ ಸಾವಿರಕ್ಕೂ ಹೆಚ್ಚು ಸಾವು. ಈ ಸಲ ಚಂಡಮಾರುತ ಬರುವ ಮೊದಲೇ ಗುಜರಾತ್ ಕರಾವಳಿಯಲ್ಲಿ ಸುಮಾರು ಒಂದು ಲಕ್ಷ ಜನರನ್ನ ಬೇರೆಡೆಗೆ ಸಾಗಿಸಿದ್ದರು. ರಾಜ್ಯದಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಗುಜರಾತ್ 2003ರಲ್ಲಿ, ದೇಶ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಮಾಡಿದ್ದು ಕಾಗದದ ಮೇಲೆ ಮಾತ್ರ ಉಳಿದಿರಲಿಲ್ಲ ಅನ್ನೋದು ಆ ರಾತ್ರಿ ಗೊತ್ತಾಯ್ತು.

ರೈತರೂ ಸುಮ್ಮನೆ ಕೂರಲಿಲ್ಲ. ಖರ್ಜೂರ ತೆಂಗಿನ ಜಾತಿಯದು, ತಾಯಿಬೇರು ಇಲ್ಲ, ಕಟ್ಟುಬೇರು. ಒಂದಷ್ಟು ಬೇರು ಮಣ್ಣಲ್ಲೇ ಉಳಿದಿದ್ದರೆ ಬಿದ್ದ ಮರವನ್ನೂ ಎತ್ತಿ ನಿಲ್ಲಿಸಬಹುದು. ಕಾಕಾ ಕೆಳಗಿನ ಗರಿಗಳನ್ನ ಸವರಿ, ಗೊನೆ ತೆಗೆದು ಭಾರ ಇಳಿಸಿ, ಜೆಸಿಬಿಯಿಂದ ಎತ್ತಿಸಿ, ಬುಡಕ್ಕೆ ಮಣ್ಣು ಕೊಟ್ಟಿದ್ದರು. "ಬಿದ್ದಿದ್ದರಲ್ಲಿ ಅರ್ಧ ಬದುಕಿದವು. ಉಳಿದ ಜಾಗಕ್ಕೆ ಹೊಸ ಸಸಿ" ಅಂದರು. ಭೂಕಂಪದ ಮೇಲೆ ಗಿಡ ಹಚ್ಚೋಕೆ ಏಳು ವರ್ಷ ತೆಗೆದುಕೊಂಡಿದ್ದ ಮನುಷ್ಯ, ಚಂಡಮಾರುತದ ಮೇಲೆ ಒಂದು ಮಳೆಗಾಲವೂ ಬಿಟ್ಟಿರಲಿಲ್ಲ.

ಪ್ರಗತಿ ಅಂದ್ರೆ ಮತ್ತೆ ಪೆಟ್ಟು ಬೀಳದೇ ಇರೋದಲ್ಲ, ಬಿದ್ದ ಮೇಲೆ ಏಳೋಕೆ ಹಿಡಿಯುವ ಸಮಯ ಕಡಿಮೆ ಆಗೋದು. ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟು.

ಮೋಸ ಮಾಡುವ ಗುರುತುಗಳೂ ಇವೆ

ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ ನಾನು ಸುಳ್ಳು ಹೇಳಿದಂತೆ. ಫೋನಲ್ಲಿ ಉಪಗ್ರಹ ನಕ್ಷೆ ತೆಗೆದು ಬನ್ನಿ ಹುಲ್ಲುಗಾವಲು ನೋಡಿದರೆ ಹಸಿರೋ ಹಸಿರು. ಅದರಲ್ಲಿ ಬಹುಪಾಲು ಹುಲ್ಲಲ್ಲ, ನಮ್ಮ ಬಳ್ಳಾರಿ ಜಾಲಿ. ಮರುಭೂಮಿ ತಡೆಯೋಕೆ ಅಂತ 1960ರ ದಶಕದಲ್ಲಿ ಹಚ್ಚಿದ್ದು, ಈಗ ದನ ಮೇಯುವ ನೆಲ ನುಂಗಿದೆ. ಹಸಿರು ಕಂಡದ್ದೆಲ್ಲ ಚೇತರಿಕೆ ಅಲ್ಲ.

ಭೂಕಂಪದ ನಂತರ ಸುಂಕ ವಿನಾಯಿತಿಯಿಂದ ಕಾರ್ಖಾನೆಗಳು ಬಂದವು, ಕೆಲಸವೂ ಬಂತು. ಆದ್ರೆ ಕಾರ್ಖಾನೆಯ ಹೊಗೆಕೊಳವೆ ಎಣಿಸಿ ರೈತನ ಸ್ಥಿತಿ ಹೇಳೋಕೆ ಆಗಲ್ಲ. ಕರಾವಳಿಯಲ್ಲಿ ಬೋರ್‌ವೆಲ್ ಅತಿಯಾಗಿ ಎಳೆದ ಕಡೆ ಅಂತರ್ಜಲಕ್ಕೆ ಸಮುದ್ರದ ಉಪ್ಪುನೀರು ನುಗ್ತಿದೆ. ಇವತ್ತಿನ ತೋಟದ ಹಸಿರು ನಾಳೆಯ ನೀರಿನ ಸಾಲ ಆಗಿರಬಹುದು.

ನಿಮ್ಮ ಊರಿಗೆ ಈ ಪ್ರಶ್ನೆಗಳನ್ನ ಕೇಳಿಕೊಳ್ಳಿ

ನೆರೆ, ಬರ, ಗುಡ್ಡ ಕುಸಿತ ಏನೇ ಕಂಡ ಊರಾದ್ರೂ ಸರಿ.

1. ನೀರು, ಮಣ್ಣು ಮತ್ತೆ ಪರೀಕ್ಷೆ ಮಾಡಿಸಿದ್ದೀರಾ? ವಿಪತ್ತಿನ ಹಿಂದಿನ ಚೀಟಿ ಈಗ ಲೆಕ್ಕಕ್ಕಿಲ್ಲ. ಪಿಎಚ್, ಇ.ಸಿ. ಎರಡನ್ನೂ ನೋಡಿ.

2. ನೆರೆ ಇಳಿದ ಹೊಲದಲ್ಲಿ ಒದ್ದೆ ಇರುವಾಗಲೇ ಟ್ರ್ಯಾಕ್ಟರ್ ಇಳಿಸಬೇಡಿ, ಮಣ್ಣು ಗಟ್ಟಿ ಹೆಪ್ಪುಗಟ್ಟುತ್ತೆ. ಹದಕ್ಕೆ ಬಂದ ಮೇಲೆ ಸೆಣಬು ಅಥವಾ ಡಯಾಂಚ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ.

3. ಮನೆಗೆ ದಿನದ ಅಥವಾ ವಾರದ ಆದಾಯ ಏನಿದೆ? ಹಾಲು, ಸೊಪ್ಪು, ಕೋಳಿ, ಏನಾದ್ರೂ ಒಂದು. ಇದು ಸಿಕ್ಕ ಮೇಲೆ ತೋಟದ ಮಾತು.

4. ಹಚ್ಚುವ ಗಿಡ ಆ ಜಾಗದ ಹಳೆಯ ಪೆಟ್ಟನ್ನ ತಾಳುತ್ತಾ? ನೀರು ನಿಲ್ಲುವ ಕಡೆ ದಾಳಿಂಬೆ ಹಚ್ಚಿ ನಾನು ಕೆಟ್ಟೆ. ಪೇರಲ ಸ್ವಲ್ಪ ದಿನ ನೀರು ತಡೆಯುತ್ತೆ, ದಾಳಿಂಬೆ ತಡೆಯಲ್ಲ.

5. ದಾಖಲೆ ಸರಿ ಇದೆಯಾ? ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಬೆಳೆಯ ಫೋಟೊ ನೀವೇ ಹಾಕಿ. ಪಹಣಿಯಲ್ಲಿ ತೋಟ ಇರುವ ಕಡೆ ಗೋವಿನಜೋಳ ಅಂತಿದ್ದರೆ ಪರಿಹಾರವೂ ಅದಕ್ಕೇ ಬರೋದು. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ನಿಯಮದಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ ಇತ್ತು. ವ್ಯತ್ಯಾಸ ನೀವೇ ನೋಡಿ.

ಕೊನೆಗೆ

ಭುಜ್ ಊರಿನ ಭುಜಿಯಾ ಗುಡ್ಡದ ಮೇಲೆ ಭೂಕಂಪದಲ್ಲಿ ತೀರಿಕೊಂಡವರ ನೆನಪಿಗೆ ಸ್ಮೃತಿವನ ಮಾಡಿದ್ದಾರೆ. ಗುಡ್ಡದ ಇಳಿಜಾರಿನಲ್ಲಿ ಮಳೆನೀರು ಹಿಡಿಯುವ ಕಟ್ಟೆಗಳಿವೆ, ಅಲ್ಲೇ ಸತ್ತವರ ಹೆಸರುಗಳಿವೆ, ಸುತ್ತ ಗಿಡ ಬೆಳೀತಿವೆ. ಒಂದು ಕಟ್ಟೆಯ ಹತ್ತಿರ ಬಹಳ ಹೊತ್ತು ಕೂತಿದ್ದೆ. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ ಕಾಕಾನ ಟ್ರಂಕಿನ ಕತೆ ಹೇಳಿದೆ. ಅಪ್ಪ ಕೇಳಿಕೊಂಡು, "ಊಟ ಆತೇನು?" ಅಂದು ಫೋನ್ ಇಟ್ಟರು.

ಆ ಮಳೆಗಾಲದಲ್ಲಿ ಎರಡು ಎಕರೆಯಲ್ಲಿ ಹೊಳೆ ಕಡೆಯ ಒಂದು ಎಕರೆಯನ್ನ ಗೋವಿನಜೋಳಕ್ಕೇ ಬಿಟ್ಟೆ. ಮೇಲಿನ ಎಕರೆಯಲ್ಲಿ ಎತ್ತರದ ಏರುಮಡಿ ಮಾಡಿ, ನೀರು ಹರಿದುಹೋಗೋಕೆ ಕಾಲುವೆ ತೆಗೆದು ಪೇರಲ ಹಚ್ಚಿದೆ. ಹೊಳೆ ಮತ್ತೆ ಬರಬಹುದು. ಬಂದರೆ ಅರ್ಧ ಹೋದೀತು, ಪೂರ್ತಿ ಹೋಗಲ್ಲ ಅನ್ನೋ ಲೆಕ್ಕ.

ಅಪ್ಪ ಇನ್ನೂ ಒಪ್ಪಿಲ್ಲ. "ನಿನ್ನ ಗಿಡ" ಅಂತಲೇ ಅಂತಾರೆ. ಆದ್ರೆ ನಾನು ಊರಲ್ಲಿಲ್ಲದ ದಿನ ಡ್ರಿಪ್ ವಾಲ್ವ್ ತಿರುವೋದು ಅವರೇ. ಕಳೆದ ತಿಂಗಳು ತುದಿಯ ಸಾಲಲ್ಲಿ ಒಂದು ಸಸಿ ಒಣಗಿತ್ತು. ಮರುದಿನ ನೋಡಿದರೆ ಆ ಗುಂಡಿಯಲ್ಲಿ ಹೊಸ ಸಸಿ ಇತ್ತು, ಬುಡಕ್ಕೆ ಹುಲ್ಲಿನ ಹೊದಿಕೆ ಬೇರೆ. ಯಾರು ಹಚ್ಚಿದ್ದು ಅಂತ ನಾನು ಕೇಳಲಿಲ್ಲ.

ಮುಂದಿನ ವಾರ ಏರುಮಡಿ ಮಾಡುವ ಅಳತೆ, ಖರ್ಚು ವಿವರವಾಗಿ ಬರೀತೀನಿ. ಅಲ್ಲಿಯವರೆಗೆ ನಿಮ್ಮ ಮಣ್ಣಿನ ಚೀಟಿ ಹುಡುಕಿ ಇಟ್ಟುಕೊಳ್ಳಿ.